ಹಾಯಿದೋಣಿಯಲ್ಲಿ ಸಂಸಾರ: ನಿಮ್ಮ ನೀಳ್ಗತೆಯ ಬಗ್ಗೆ

ಆತ್ಮೀಯರೇ,

ವಾಸ್ಕೋದಿಂದ ನೀವು ಕಳಿಸಿದ ನೀಳ್ಗತೆಯನ್ನು ಮುಂಬಯಿಯ ನಮ್ಮ ಸಂಪಾದಕ ಬಳಗದವರೆಲ್ಲ ಓದಿದೆವು. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ಎರಡು ಸಾಲು ಬರೆದು ವಾಪಸು ಕಳಿಸಲು ಮನಸ್ಸು ಒಪ್ಪಲಿಲ್ಲ. ಹುಬ್ಬಳ್ಳಿಯಿಂದ ಬಂದು ಗೋವಾದಲ್ಲಿ ನೆಲೆಸಿದ ಅಶೋಕ, ಸುಮಾ 38 ಅಡಿಯ ಹಾಯಿದೋಣಿಯಲ್ಲಿ ಲಕ್ಷದ್ವೀಪಕ್ಕೆ ಹೋಗಿ, 40 ದಿನ ದ್ವೀಪದಿಂದ ದ್ವೀಪಕ್ಕೆ ಅಲೆದು, ಮುರಿಯಲಿದ್ದ ದಾಂಪತ್ಯವನ್ನು ಉಳಿಸಿಕೊಂಡು ಮರಳುತ್ತಾರೆ. ಇಂಥ ವಸ್ತು ಕನ್ನಡದಲ್ಲಿ ಅಪರೂಪ. ಸಿಟ್ಟು ಬಂದಾಗ ಮಾತ್ರ ಸುಮಾ ತನ್ನ ಊರಿನ ಕನ್ನಡಕ್ಕೆ ಜಾರುತ್ತಾಳಲ್ಲ, ಆ ಸಂಭಾಷಣೆಗಳು ಸೊಗಸಾಗಿವೆ. ಅವುಗಳ ಒಂದಕ್ಷರವನ್ನೂ ಬದಲಿಸಬೇಡಿ.

ತೊಂದರೆ ಇರುವುದು ದೋಣಿಯಲ್ಲಿ. ನಿಮ್ಮ ದೋಣಿ ಕಿಟಕಿಯಾಚೆ ಸಮುದ್ರ ಕಾಣುವ ಹೋಟೆಲ್ ಕೋಣೆಯಾಗಿದೆ. ಅದರಲ್ಲಿ ಯಾರಿಗೂ ಕೆಲಸವಿಲ್ಲ, ಏನೂ ಖಾಲಿಯಾಗುವುದಿಲ್ಲ, ಏನೂ ಕೆಡುವುದಿಲ್ಲ. ಇಬ್ಬರೇ ಇರುವ ದೋಣಿಯಲ್ಲಿ ಜಗಳ ಹುಟ್ಟುವುದು ನೀರಿಗಾಗಿ, ನಿದ್ದೆಗಾಗಿ, ಲಂಗರು ಹಾಕುವ ಹೊತ್ತಿನ ಕೂಗಾಟದಲ್ಲಿ. ಇವರ ದಾಂಪತ್ಯ ರಿಪೇರಿಯಾಗುವುದಿದ್ದರೆ ಅಲ್ಲೇ ಆಗಬೇಕು. ನೀವು ಅವನ್ನೆಲ್ಲ ಪಕ್ಕಕ್ಕಿಟ್ಟು ಬೆಳದಿಂಗಳಲ್ಲಿ ಕೂತು ಮಾತಾಡಿಸಿದ್ದೀರಿ. ಕಥೆ ಸೊರಗಿದ್ದು ಅದರಿಂದಲೇ.

ಮೊದಲು ಕಾಲದ ವಿಷಯ. ದೋಣಿ ಆಷಾಢದ ಹುಣ್ಣಿಮೆಯಂದು ಹೊರಡುತ್ತದೆ. ಆಷಾಢದಲ್ಲಿ ಹೊಸದಾಗಿ ಮದುವೆಯಾದ ಗಂಡ ಹೆಂಡತಿ ದೂರವಿರಬೇಕೆಂಬ ರೂಢಿಯನ್ನು ಇವರು ತಿರುಗಿಸಿ ಹಾಕುತ್ತಾರೆ ಎಂಬ ನಿಮ್ಮ ಜಾಣ್ಮೆ ನಮಗೆ ಕಂಡಿದೆ, ಆದರೂ ಅದನ್ನು ಬಿಡಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರದಲ್ಲಿ ನೈಋತ್ಯ ಮಾರುತದ ಅಬ್ಬರ. ಮುಂಬಯಿಯ ಗೇಟ್‌ವೇ ಎದುರು ನೀರಿನಲ್ಲಿ ತೇಲುವ ಬೋಯಿಗೆ ಕಟ್ಟಿದ ಹಾಯಿದೋಣಿಗಳನ್ನು ಮೇ ಮುಗಿಯುವುದರೊಳಗೆ ದಡಕ್ಕೆತ್ತಿರುತ್ತಾರೆ. ಪಣಜಿಯಲ್ಲಿ ಮಾಂಡವಿ ನದಿಯ ಅಳಿವೆಯ ಮರಳುದಿಬ್ಬದ ಮೇಲೆ ಅಲೆ ಒಡೆಯುತ್ತಿರುತ್ತದೆ. ಯಾಂತ್ರಿಕ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ನೂಲಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಒಪ್ಪಿಸಿದ ಮೇಲಷ್ಟೇ ದೋಣಿ ಇಳಿಸುವ ಕಾರವಾರದ ಓದುಗ ನಿಮ್ಮ ಮೊದಲ ಪುಟದಲ್ಲೇ ಪತ್ರಿಕೆ ಮಡಚಿಡುತ್ತಾನೆ. ಮಳೆ ಮುಗಿದ ಕೂಡಲೇ ಹೊರಡಿಸುವುದೂ ಬೇಡ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಚಂಡಮಾರುತಗಳ ಭಯವಿರುತ್ತದೆ. 2017ರ ಡಿಸೆಂಬರ್ ಆರಂಭದಲ್ಲಿ ಓಖಿ ಲಕ್ಷದ್ವೀಪದ ಮೇಲೆಯೇ ಹಾದುಹೋಯಿತು. ಸಂಕ್ರಾಂತಿ ಕಳೆದ ಮೇಲೆ ಹೊರಟು ಯುಗಾದಿಯೊಳಗೆ ಮರಳಲಿ. ನಿಮ್ಮ 40 ದಿನಗಳಿಗೆ ಅಷ್ಟು ಜಾಗ ಸಾಕು.

ದೂರದ ಲೆಕ್ಕವೂ ತಪ್ಪಿದೆ. ಪಣಜಿಯಿಂದ ಲಕ್ಷದ್ವೀಪದ ಅಗತ್ತಿಗೆ ಸುಮಾರು 290 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಎಂದರೆ 1.85 ಕಿ.ಮೀ.). ಈ ಅಳತೆಯ ದೋಣಿ ಸರಾಸರಿ 5 ನಾಟ್, ಅಂದರೆ ಗಂಟೆಗೆ 5 ನಾಟಿಕಲ್ ಮೈಲಿ, ಹೋದರೆ ಅದೇ ಹೆಚ್ಚು. ಅಂದರೆ 58 ಗಂಟೆ, ನಡುವೆ ಕನಿಷ್ಠ ಎರಡು ರಾತ್ರಿ. ನಿಮ್ಮವರು ರಾತ್ರಿ ಊಟ ಮಾಡಿ ಹೊರಟು ಬೆಳಗಿನ ಕಾಫಿಗೆ ದ್ವೀಪ ಕಾಣುತ್ತಾರೆ. ಜನವರಿಯಲ್ಲಿ ಕರಾವಳಿಯ ಗಾಳಿಗೆ ಒಂದು ದಿನಚರಿ ಇದೆ: ರಾತ್ರಿಯಿಂದ ಬೆಳಗಿನವರೆಗೆ ನೆಲದ ಕಡೆಯಿಂದ ಮೆಲ್ಲಗೆ, ಮಧ್ಯಾಹ್ನದ ಮೇಲೆ ವಾಯವ್ಯದಿಂದ 10ರಿಂದ 15 ನಾಟ್, ನಡುವೆ ಕೆಲವು ಗಂಟೆ ಎಲೆಯೂ ಅಲ್ಲಾಡದು. ಆಗ ಎಂಜಿನ್ ಹಾಕಲೇಬೇಕು. ಗಂಟೆಗೆ 3 ಲೀಟರ್ ಡೀಸೆಲ್ ಎಂದಿಟ್ಟುಕೊಂಡರೆ 150 ಲೀಟರಿನ ಟ್ಯಾಂಕು 50 ಗಂಟೆಗೆ ಮುಗಿಯುತ್ತದೆ, ದ್ವೀಪದಲ್ಲಿ ಪೆಟ್ರೋಲ್ ಬಂಕಿಗೆ ದೋಣಿ ತಾಗಿಸಿ ತುಂಬಿಸುವ ವ್ಯವಸ್ಥೆಯನ್ನು ನಂಬಿಕೊಂಡು ಯಾರೂ ಹೊರಡುವುದಿಲ್ಲ. ಗಾಳಿ ನಿಂತ ಹೊತ್ತಿನಲ್ಲಿ ಎಂಜಿನ್ ಹಾಕೋಣವೇ ಕಾಯೋಣವೇ ಎಂಬ ಮಾತಿನಲ್ಲೇ ಅಶೋಕನ ಆತುರ, ಸುಮಾಳ ಜುಗ್ಗತನ ಎರಡೂ ಹೊರಬರುತ್ತವೆ.

ಇನ್ನು ನೀರು. ಸುಮಾ ದಿನಕ್ಕೆ ಎರಡು ಸಲ ಸ್ನಾನ ಮಾಡುತ್ತಾಳೆ, ತಲೆಗೂದಲು ಬಿಚ್ಚಿ ಗಾಳಿಗೆ ಒಣಗಿಸುತ್ತಾಳೆ. ಇಂಥ ದೋಣಿಯಲ್ಲಿ ಸಿಹಿನೀರು ಸುಮಾರು 300 ಲೀಟರ್. ಒಬ್ಬರ ಒಂದು ಸ್ನಾನಕ್ಕೆ 15 ಲೀಟರಿನ ಬಕೆಟ್ ಎಂದರೂ, ಇಬ್ಬರೂ ಎರಡು ಸಲ ಮಿಂದರೆ ದಿನಕ್ಕೆ 60 ಲೀಟರ್. ಐದೇ ದಿನಕ್ಕೆ ಟ್ಯಾಂಕು ಬರಿದು. ಆ ಸೆಕೆಯಲ್ಲಿ ಕುಡಿಯಲು ತಲಾ 3 ಲೀಟರ್, ಅಡುಗೆಗೆ 2 ಲೀಟರ್ ಬೇಕು. ಬೇರೆ ಯಾವುದಕ್ಕೂ ಮುಟ್ಟದಿದ್ದರೂ 300 ಲೀಟರ್ 40 ದಿನ ಬರುವುದಿಲ್ಲ. ಹಾಗಾಗಿ ಸ್ನಾನ ಸಮುದ್ರದ ನೀರಿನಲ್ಲಿ, ಕೊನೆಗೆ ಸ್ಪ್ರೇ ಬಾಟಲಿಯಿಂದ ಒಂದು ಲೀಟರ್ ಸಿಹಿನೀರು. ಮಾಮೂಲು ಸೋಪು ಉಪ್ಪುನೀರಿನಲ್ಲಿ ನೊರೆ ಬರುವುದಿಲ್ಲ, ಶಾಂಪೂ ಬರುತ್ತದೆ. ಪಾತ್ರೆ ತೊಳೆಯುವುದು ಸಮುದ್ರದ ನೀರಿನಲ್ಲೇ. ದಡದಿಂದ ದೂರವಿದ್ದಾಗ ಅನ್ನಕ್ಕೂ ನಾಲ್ಕರಲ್ಲಿ ಒಂದು ಪಾಲು ಅದೇ ನೀರು ಹಾಕಿದರೆ ಉಪ್ಪು ಬೇರೆ ಬೇಕಿಲ್ಲ. ಉಪ್ಪುನೀರಿನಲ್ಲಿ ಒಗೆದ ಬಟ್ಟೆ ಎಷ್ಟು ಬಿಸಿಲಿಗೆ ಹಾಕಿದರೂ ಸಂಜೆಯ ಹೊತ್ತಿಗೆ ಮತ್ತೆ ತೇವ, ಏಕೆಂದರೆ ನೂಲಿನೊಳಗೆ ಉಳಿದ ಉಪ್ಪು ಗಾಳಿಯ ತೇವ ಹೀರುತ್ತದೆ. ಆ ಬಟ್ಟೆಯಲ್ಲೇ ದಿನಗಟ್ಟಲೆ ಕೂತರೆ ಕುಂಡೆಯ ಮೇಲೆ ಗುಳ್ಳೆ ಏಳುತ್ತವೆ. ಇದನ್ನು ಬರೆಯಲು ಸಂಕೋಚಪಡಬೇಡಿ.

ಸಮುದ್ರದ ನೀರನ್ನು ಸಿಹಿಯಾಗಿಸುವ ಯಂತ್ರ ಇಟ್ಟುಕೊಳ್ಳಲಿ ಎನ್ನಬಹುದು. 12 ವೋಲ್ಟಿನ ಚಿಕ್ಕ ಯಂತ್ರ 9 ಆಂಪಿಯರ್ ಎಳೆದು ಗಂಟೆಗೆ 20–25 ಲೀಟರ್ ಕೊಡುತ್ತದೆ. ಆದರೆ ಆ ವಿದ್ಯುತ್ತನ್ನು ಫ್ರಿಜ್ಜೂ ಕೇಳುತ್ತಿರುತ್ತದೆ. ಕೆಸರಿನ ಮಾಂಡವಿಯಲ್ಲಿ, ಎಣ್ಣೆ ತೇಲುವ ಬಂದರಿನಲ್ಲಿ ಅದನ್ನು ಓಡಿಸುವಂತಿಲ್ಲ. ವಾರಗಟ್ಟಲೆ ಸುಮ್ಮನೆ ಬಿಟ್ಟರೆ ಒಳಗಿನ ಪೊರೆಯಲ್ಲಿ ಜೀವಾಣು ಬೆಳೆದು ಕೊಳೆಯುತ್ತದೆ, ಸಿಹಿನೀರಿನಿಂದ ತೊಳೆದೇ ಇಡಬೇಕು. ನಮ್ಮ ಅಭಿಪ್ರಾಯದಲ್ಲಿ ನಿಮ್ಮ ದೋಣಿಗೆ ಅದು ಬೇಡ, ಕಥೆಯ ಬಿಗಿ ಸಡಿಲವಾಗುತ್ತದೆ. ಬದಲಿಗೆ ನಿಜವಾಗಿ ಆಗುವ ಒಂದು ಅನಾಹುತ ಹೇಳುತ್ತೇವೆ. ನಲ್ಲಿ ತಿರುಗಿಸಿದರೆ ತಾನೇ ಚಾಲೂ ಆಗುವ ಒತ್ತಡದ ಪಂಪು ಇರುವ ದೋಣಿಯಲ್ಲಿ ಕೊಳವೆಯ ಒಂದು ಕ್ಲಿಪ್ ಸಡಿಲವಾದರೆ, ಪಂಪು ರಾತ್ರಿಯಿಡೀ ಓಡಿ ಇಡೀ ಟ್ಯಾಂಕನ್ನು ದೋಣಿಯ ತಳಕ್ಕೆ ಸುರಿದುಬಿಡುತ್ತದೆ. ಮಲಗಿದವರಿಗೆ ಸಿಗುವ ಸೂಚನೆ ಗುರ್ರೆನ್ನುವ ಸದ್ದು ಮಾತ್ರ. ಅನುಭವಿಗಳು ಎರಡು ಟ್ಯಾಂಕು ಇಟ್ಟು, ನಡುವಿನ ಕವಾಟ ಮುಚ್ಚಿ, 20 ಲೀಟರಿನ ಕ್ಯಾನುಗಳನ್ನು ಬೇರೆಯೇ ಕಟ್ಟಿಡುವುದು, ಮಲಗುವ ಮುನ್ನ ಪಂಪಿನ ಸ್ವಿಚ್ ಆರಿಸುವುದು ಇದಕ್ಕಾಗಿ. ಸ್ವಿಚ್ ಆರಿಸಲು ಮರೆತದ್ದು ಯಾರು ಎಂಬ ಪ್ರಶ್ನೆಯಿಂದ ನಿಮ್ಮ ಮೂರನೆಯ ಅಧ್ಯಾಯ ಶುರುವಾಗಬಹುದು. ದ್ವೀಪಕ್ಕೆ ಹೋಗಿ ನೀರು ಕೇಳಿದರಾಯಿತು ಎಂದು ಅಶೋಕ ಹಗುರಾಗಿ ಹೇಳುವ ಸಾಲನ್ನೂ ತಿದ್ದಿ. ಅಲ್ಲಿಯ ಬಾವಿಗಳಲ್ಲಿರುವುದು ಉಪ್ಪುನೀರಿನ ಮೇಲೆ ತೇಲುವ ತೆಳುವಾದ ಸಿಹಿನೀರಿನ ಪದರ. 2005ರಲ್ಲಿ ಅಲ್ಲಿನ ಕವರತ್ತಿ ದ್ವೀಪದಲ್ಲಿ ದಿನಕ್ಕೆ 1 ಲಕ್ಷ ಲೀಟರಿನ ಸಿಹಿನೀರು ಘಟಕ ಕಟ್ಟಿದ್ದು ಆ ಕೊರತೆಗಾಗಿಯೇ. ಒಂದು ಕ್ಯಾನು ನೀರು ಕೇಳುವಾಗ ಸುಮಾಳ ದನಿ ತಗ್ಗಲಿ.

ಲಂಗರು ಹಾಕುವ ದೃಶ್ಯ ನಿಮ್ಮ ಕಥೆಯ ನಡುಮಧ್ಯದಲ್ಲಿದೆ, ಅತಿ ಹೆಚ್ಚು ತಪ್ಪುಗಳಿರುವುದೂ ಅಲ್ಲೇ. “ಎದುರಿಗೆ ಮುಳುಗುವ ಕೆಂಪು ಸೂರ್ಯ, ದೋಣಿ ಹವಳದ ನಡುವೆ ನುಸುಳಿತು, ಅಶೋಕ ಹಗ್ಗದ ತುದಿಯ ಲಂಗರನ್ನು ಬೀಸಿ ಎಸೆದ” ಎಂದಿದ್ದೀರಿ. ಲಕ್ಷದ್ವೀಪದಲ್ಲಿ ಲಗೂನು, ಅಂದರೆ ಹವಳದ ದಿಬ್ಬದ ಒಳಗಿನ ಆಳ ಕಡಿಮೆಯ ನೀರು, ಸಾಮಾನ್ಯವಾಗಿ ದ್ವೀಪದ ಪಶ್ಚಿಮಕ್ಕಿರುತ್ತದೆ. ಹೊರಗಿನಿಂದ ಒಳಬರುವ ದೋಣಿಯ ಮುಖ ಪೂರ್ವಕ್ಕೆ, ಮುಳುಗುವ ಸೂರ್ಯ ಬೆನ್ನಿಗೆ. ಅಷ್ಟೇ ಅಲ್ಲ, ಆ ಹೊತ್ತಿನಲ್ಲಿ ಯಾರೂ ಒಳಗೆ ಹೋಗುವುದಿಲ್ಲ. ಓರೆ ಬೆಳಕು ನೀರಿನೊಳಗೆ ಇಳಿಯುವುದಿಲ್ಲ, ಹವಳದ ತಲೆಗಳು ಕಾಣುವುದಿಲ್ಲ. ನಡು ಮಧ್ಯಾಹ್ನದಿಂದ ಮೂರು ಗಂಟೆಯೊಳಗೆ, ಸೂರ್ಯ ನೆತ್ತಿಯಿಂದ ಕೊಂಚ ಹಿಂದೆ ಸರಿದಾಗ, ಒಬ್ಬರು ಕರಿಕನ್ನಡಕ ಹಾಕಿ ದೋಣಿಯ ಮೂತಿಯಲ್ಲಿ ನಿಲ್ಲಬೇಕು. ಗಾಢ ನೀಲಿ ಎಂದರೆ ಆಳ. ತಿಳಿ ಹಸಿರುನೀಲಿ ಎಂದರೆ ಮರಳಿನ ಮೇಲೆ ನಾಲ್ಕೈದು ಮೀಟರ್. ಬಿಳಿಚಿಕೊಂಡರೆ ಕೀಲ್ (ದೋಣಿಯ ತಳದಿಂದ ಕೆಳಗಿಳಿದ ರೆಕ್ಕೆ) ತಾಗುವಷ್ಟು ಕಡಿಮೆ. ಕಂದು ಕಂಡರೆ ಹವಳ, ತಿರುಗಿಸಲೇಬೇಕು. ಇವರ ಕೀಲ್ ನೀರಿನ ಮಟ್ಟದಿಂದ ಸುಮಾರು 1.9 ಮೀಟರ್ ಕೆಳಗಿದೆ ಎಂಬುದನ್ನು ಓದುಗನಿಗೆ ಮೊದಲೇ ಹೇಳಿಟ್ಟಿರಿ. ಮೋಡ ಸೂರ್ಯನನ್ನು ಮುಚ್ಚಿದರೆ ಬಣ್ಣಗಳೆಲ್ಲ ಒಂದೇ ಬೂದಿಯಾಗುತ್ತವೆ, ಆಗ ನಿಂತು ಕಾಯಬೇಕು. ಜಿಪಿಎಸ್ ನಂಬಿ ಮುಂದುವರಿದವರು ಹವಳಕ್ಕೆ ಹತ್ತುತ್ತಾರೆ. ಜಿಪಿಎಸ್ ಸರಿಯಾಗಿಯೇ ಇರುತ್ತದೆ, ಹಳೆಯ ಸಮೀಕ್ಷೆಯ ನಕ್ಷೆ ಸರಿದಿರುತ್ತದೆ.

ಲಂಗರನ್ನು ಎಸೆಯುವುದಿಲ್ಲ, ಇಳಿಸುತ್ತಾರೆ. ಮರಳಿನ ಬಯಲು ಹುಡುಕಿ, ಗಾಳಿಗೆ ಮುಖ ಮಾಡಿ ನಿಂತು, 20 ಕಿಲೋ ಲಂಗರನ್ನು ತಳ ಮುಟ್ಟಿಸಿ, ದೋಣಿ ಹಿಂದೆ ಸರಿದಂತೆ ಸರಪಳಿ ಬಿಡಬೇಕು. ಆಳ 5 ಮೀಟರ್, ಮೂತಿಯ ಎತ್ತರ 1, ಉಬ್ಬರಕ್ಕೆ ಇನ್ನೊಂದು, ಒಟ್ಟು 7. ಅದರ ಐದು ಪಟ್ಟು, 35 ಮೀಟರ್ ಸರಪಳಿ ಹೊರಗಿರಬೇಕು. ಕಡಿಮೆಯಾದರೆ ಎಳೆತ ಮೇಲ್ಮುಖವಾಗಿ ಲಂಗರು ಕಿತ್ತುಕೊಳ್ಳುತ್ತದೆ. ನಂತರ ಎಂಜಿನ್ ಹಿಮ್ಮುಖವಾಗಿ ನಿಧಾನಕ್ಕೆ ಏರಿಸಿ ಎಳೆಯುತ್ತಾರೆ. ದಡದ ಒಂದು ತೆಂಗಿನ ಮರ, ಅದರ ಹಿಂದಿನ ಒಂದು ಕಂಬ ಒಂದೇ ಗೆರೆಯಲ್ಲಿ ಉಳಿದರೆ ಲಂಗರು ಹಿಡಿದಿದೆ, ಮರ ಸರಿದರೆ ಜಾರುತ್ತಿದೆ. ಕೊನೆಗೆ ಒಬ್ಬರು ನೀರಿಗಿಳಿದು ಲಂಗರಿನ ಅಲಗು ಮರಳಿನಲ್ಲಿ ಹೂತಿದೆಯೇ ಎಂದು ಕಣ್ಣಾರೆ ನೋಡುತ್ತಾರೆ. ಸರಪಳಿಗೆ ಆರೆಂಟು ಮೀಟರ್ ನೈಲಾನ್ ಹಗ್ಗ ಕಟ್ಟಿ ಭಾರವನ್ನು ಅದರ ಮೇಲೆ ಹಾಕದಿದ್ದರೆ ರಾತ್ರಿಯ ಪ್ರತಿ ಜಗ್ಗಾಟವೂ ನೇರ ದೋಣಿಗೆ ಹೊಡೆಯುತ್ತದೆ. ನಿಮ್ಮ ಅಶೋಕನಂತೆ ಹವಳದ ಮೇಲೆ ಹಗ್ಗ ಬಿಟ್ಟರೆ ಬೆಳಗಾಗುವುದರೊಳಗೆ ಹಗ್ಗ ಸವೆದು ತುಂಡಾಗಬಹುದು. ಗಟ್ಟಿ ಹವಳಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ, ನಿಮ್ಮ ನಾಯಕ ಅದನ್ನು ಮುರಿದು ಹೆಮ್ಮೆಪಡುವಂತೆ ಬರೆಯಬೇಡಿ.

ಈ ಹೊತ್ತಿನಲ್ಲಿ ಇಬ್ಬರ ನಡುವೆ 11 ಮೀಟರ್ ದೂರ, ನಡುವೆ ಎಂಜಿನ್ನಿನ ಸದ್ದು. ಚುಕ್ಕಾಣಿ ಹಿಡಿದವನಿಗೆ ಮೂತಿಯಲ್ಲಿರುವವಳ ಮಾತು ಕೇಳದು. ಹೊಂದಿಕೊಂಡ ಜೋಡಿಗಳು ಕೈಸನ್ನೆ ಇಟ್ಟುಕೊಂಡಿರುತ್ತಾರೆ: ಮುಷ್ಟಿ ಎಂದರೆ ನಿಲ್ಲಿಸು, ಚಾಚಿದ ಕೈಯತ್ತ ತಿರುಗಿಸು. ಇಲ್ಲದವರು ಕಿರುಚಾಡುತ್ತಾರೆ. ಮೊದಲ ಲಗೂನಿನಲ್ಲಿ ಕಿರುಚಾಟ, ಕೊನೆಯ ಲಗೂನಿನಲ್ಲಿ ಸನ್ನೆ: ಬೆಳದಿಂಗಳ ಎಂಟು ಪುಟಗಳು ಹೇಳಲಾರದ್ದನ್ನು ಇದು ಹೇಳುತ್ತದೆ.

ಆ ಎಂಟು ಪುಟಗಳಲ್ಲಿ, ದಕ್ಷಿಣದ ಮಿನಿಕಾಯ್ ದ್ವೀಪಕ್ಕೆ ಹೋಗುವಾಗ, ಇಬ್ಬರೂ ಡೆಕ್ಕಿನ ಮೇಲೆ ಅಪ್ಪಿಕೊಂಡು ನಿದ್ರಿಸುತ್ತಾರೆ. ಅದು ಒಂಬತ್ತು ಡಿಗ್ರಿ ಕಾಲುವೆ ಎನ್ನುವ ಸಮುದ್ರದಾರಿ, ದೊಡ್ಡ ಹಡಗುಗಳ ಹೆದ್ದಾರಿ. 20 ನಾಟ್ ವೇಗದ ಹಡಗಿನ ದೀಪ ಕಂಡಾಗಿನಿಂದ ಅದು ಮೈಮೇಲೆ ಬರಲು ಹದಿನೈದು ನಿಮಿಷ ಸಾಕು. ಹಾಗಾಗಿ ಹತ್ತು ನಿಮಿಷಕ್ಕೊಮ್ಮೆ ಸುತ್ತ ನೋಡಲೇಬೇಕು. ಇಬ್ಬರೇ ಇದ್ದರೆ ಮೂರು ಮೂರು ಗಂಟೆಯ ಪಾಳಿ, ಕಾವಲಿರುವವರು ಸೊಂಟದ ಹಗ್ಗವನ್ನು ದೋಣಿಗೆ ಸಿಕ್ಕಿಸಿಕೊಂಡಿರಬೇಕು. ಬಿದ್ದರೆ ಕೆಳಗೆ ಮಲಗಿದವರಿಗೆ ತಿಳಿಯುವುದೇ ಇಲ್ಲ. ಗಂಡ ಹೆಂಡತಿ ಭೇಟಿಯಾಗುವುದು ಪಾಳಿ ಬದಲಾಗುವಾಗ ಮಾತ್ರ: ಇಂಥ ದಿಕ್ಕು, ಎಡಕ್ಕೆ ಒಂದು ಕೆಂಪು ದೀಪ, ಬ್ಯಾಟರಿ ಇಷ್ಟು, ಫ್ಲಾಸ್ಕಿನಲ್ಲಿ ಚಹಾ ಇದೆ. ಸಮುದ್ರ “ನಿಶ್ಶಬ್ದ” ಎಂದು ಆರು ಕಡೆ ಬರೆದಿದ್ದೀರಿ. ಸಾಗುತ್ತಿರುವ ದೋಣಿಯೊಳಗೆ ನಿಶ್ಶಬ್ದವಿಲ್ಲ. ಗೋಡೆಯಾಚೆ ನೀರು ಉಜ್ಜುತ್ತದೆ, ಆಟೊಪೈಲಟ್ ನರಳುತ್ತದೆ, ಹಗ್ಗ ಕಂಬಕ್ಕೆ ಬಡಿಯುತ್ತದೆ, ಟವೆಲ್ ತುರುಕದ ತಟ್ಟೆಗಳು ಗಲಗಲ ಎನ್ನುತ್ತವೆ.

ಮರಳುವ ದಾರಿಗೆ ಒಂದೇ ಪ್ಯಾರಾ ಕೊಟ್ಟಿದ್ದೀರಿ. ಕಷ್ಟವೆಲ್ಲ ಇರುವುದು ಅಲ್ಲಿ. ಆ ತಿಂಗಳುಗಳಲ್ಲಿ ಗಾಳಿ ಹೆಚ್ಚಾಗಿ ಉತ್ತರ ಮತ್ತು ವಾಯವ್ಯದ ನಡುವಿನಿಂದ, ಹೋಗಬೇಕಾದ್ದೂ ಉತ್ತರಕ್ಕೆ. ಹಾಯಿದೋಣಿ ಗಾಳಿಗೆ ಎದುರಾಗಿ ನೆಟ್ಟಗೆ ಹೋಗದು, 45 ಡಿಗ್ರಿ ಓರೆಯಾಗಿ ಅತ್ತಿತ್ತ ಹಾಯಬೇಕು. 290 ಮೈಲಿ 400ರ ಹತ್ತಿರ ಬೆಳೆಯಬಹುದು. ಜಾಣ ದಾರಿ ಎಂದರೆ ಗಾಳಿಯನ್ನು ಪಕ್ಕಕ್ಕಿಟ್ಟುಕೊಂಡು ಈಶಾನ್ಯಕ್ಕೆ, 195 ಮೈಲಿ ಮಂಗಳೂರಿಗೆ ಬಂದು, ಅಲ್ಲಿಂದ ರಾತ್ರಿಯ ನೆಲಗಾಳಿ ಹಿಡಿದು ಮಲ್ಪೆ, ಕಾರವಾರ ದಾಟಿ ಇನ್ನು 170 ಮೈಲಿ ಗೋವಾಕ್ಕೆ. ಅಲ್ಲಿ ಬಲೆಗಳ ಕಾಟ. ಬಲೆ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಎಂಜಿನ್ ಆರಿಸಿ, ಕೀಲಿ ಕಿತ್ತು ಜೇಬಿಗಿಟ್ಟುಕೊಂಡು, ಗರಗಸದಂಥ ಹಲ್ಲುಗಳಿರುವ ಚಾಕು ಹಿಡಿದು ಮುಳುಗಬೇಕು.

ಉಳಿದವು ಚಿಕ್ಕವು. ಗ್ಯಾಸ್ ವಾಸನೆ ಬಂದಾಗ ಸುಮಾ ಕಿಟಕಿ ತೆರೆದು ನಿಶ್ಚಿಂತಳಾಗುತ್ತಾಳೆ. ಎಲ್‌ಪಿಜಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ನಿಲ್ಲುತ್ತದೆ. ಸಿಲಿಂಡರ್ ಮುಚ್ಚಿ, ಒಂದು ಸ್ವಿಚ್ಚನ್ನೂ ಮುಟ್ಟದೆ, ಕೈಪಂಪಿನಿಂದ ಅಥವಾ ಬಕೆಟ್ಟಿನಿಂದ ನೀರು ಹೊರಹಾಕಿದಂತೆ ಅದನ್ನು ಮೊಗೆದು ಹಾಕಬೇಕು. ತೆರೆದ ಬಾಣಲೆಯ ಬದಲು ಕುಕ್ಕರ್ ಕೊಡಿ, ಓಲಾಡಿದರೂ ಚೆಲ್ಲದು. ಮೊದಲೆರಡು ದಿನ ಒಬ್ಬರಿಗಾದರೂ ವಾಂತಿಯಾಗಲಿ, ಗುಳಿಗೆಯನ್ನು ಹೊರಡುವ ಮೊದಲೇ ನುಂಗದಿದ್ದರೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಲಕ್ಷದ್ವೀಪಕ್ಕೆ ಭಾರತೀಯರಿಗೂ ಪರವಾನಗಿ ಬೇಕು, ಒಂದು ಸಾಲಿನಲ್ಲಿ ಅದನ್ನು ಪಡೆಸಿ. “ನಮ್ಮವರು ಯಾರೂ ಹಾಯಿದೋಣಿಯಲ್ಲಿ ದೂರ ಹೋದವರಿಲ್ಲ” ಎಂಬ ಅಶೋಕನ ಭಾಷಣವನ್ನು ಪೂರ್ತಿ ತೆಗೆಯಿರಿ. ನಿಮ್ಮ ಮನೆಯಿಂದ ಹೆಚ್ಚು ದೂರವಿಲ್ಲದ ದಿವಾರ್ ದ್ವೀಪದಲ್ಲಿ ಕಟ್ಟಿದ, ನಮ್ಮ ಮಹದಾಯಿಯ ಹೆಸರನ್ನೇ ಹೊತ್ತ ಮ್ಹಾದೆಯಿ ಎಂಬ ಹಾಯಿದೋಣಿಯಲ್ಲಿ ನೌಕಾಪಡೆಯ ದಿಲೀಪ್ ದೊಂದೆ 2009–10ರಲ್ಲಿ ಒಬ್ಬರೇ ಭೂಮಿ ಸುತ್ತಿದರು. 2012–13ರಲ್ಲಿ ಅಭಿಲಾಷ್ ಟೋಮಿ ಎಲ್ಲೂ ನಿಲ್ಲದೆ ಸುತ್ತಿದರು. ತಾರಿಣಿ ಎಂಬ ಹಾಯಿದೋಣಿಯಲ್ಲಿ ಭೂಮಿ ಸುತ್ತಿದ ನೌಕಾಪಡೆಯ ಆರು ಮಹಿಳೆಯರು 2017ರಲ್ಲಿ ಹೊರಟದ್ದು ಗೋವಾದಿಂದ, 2018ರಲ್ಲಿ ಮರಳಿದ್ದೂ ಗೋವಾಕ್ಕೇ.

ಇಡೀ ಕಥೆಯನ್ನು ಈಗಲೇ ತಿದ್ದಲು ಕೂರಬೇಡಿ. ದೋನಾ ಪೌಲಾ ಕಡೆ ಸಣ್ಣ ಹಾಯಿದೋಣಿ ಕಲಿಸುವವರಿದ್ದಾರೆ, ಕೆಲವು ಬೆಳಗು ಅವರೊಂದಿಗೆ ಕಳೆಯಿರಿ. ಗಾಳಿಗೆದುರು ದೋಣಿ ತಿರುಗಿಸುವಾಗ ಕೈಗೆ ಹಗ್ಗ ಹೇಗೆ ಉರಿಯುತ್ತದೆ ಎಂಬುದನ್ನು ನಾವು ಬರೆದು ತಿಳಿಸಲಾಗದು. ಆಮೇಲೆ ಮೊದಲ ಲಗೂನಿನ ಲಂಗರಿನ ದೃಶ್ಯವೊಂದನ್ನೇ ಹೊಸದಾಗಿ ಬರೆದು ಕಳಿಸಿ. ಸುಮಾ ಮೂತಿಯಲ್ಲಿ, ಅಶೋಕ ಚುಕ್ಕಾಣಿಯಲ್ಲಿ, ಸಮಯ ಮಧ್ಯಾಹ್ನ ಎರಡು ಗಂಟೆ, ಸೂರ್ಯನ ಕಡೆಗೆ ಒಂದು ಮೋಡ ಬರುತ್ತಿದೆ. ನಾಲ್ಕು ಪುಟ ಮೀರದಿರಲಿ.

ಸಂಪಾದಕ ಬಳಗ, ಮುಂಬಯಿ