ಮಾರ್ಕೆಟ್‌ಪ್ಲೇಸ್‌ನಲ್ಲಿ ಕಂಡ 'ಖಾಲಿ ಪೆಟ್ಟಿಗೆ' ತಗೋಬೇಡಿ

ವಿರಾಜಪೇಟೆಯಿಂದ ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ಗೆ ಬಂದು ಮೂರು ತಿಂಗಳಾಯ್ತು, ಎಚ್‌-1ಬಿ (ಕೆಲಸದ) ವೀಸಾ, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಯಾರೋ ಗನ್ ಇಡುವ ಖಾಲಿ ಪೆಟ್ಟಿಗೆಯನ್ನು 600 ಡಾಲರ್‌ಗೆ ಇಟ್ಟಿದ್ದಾನೆ, ಕೇಳಿದ್ರೆ ಒಳಗಿರೋದೂ ಸೇರಿ ಅಂತಾನೆ, ಊರಲ್ಲಿ ಮನೆಯಲ್ಲೇ ಜಮ್ಮಾ ಕೋವಿ (ಕೊಡಗಿನ ವಂಶಪಾರಂಪರ್ಯ ಜಮ್ಮಾ ಜಮೀನಿನವರು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವ ಬಂದೂಕು) ಇದೆ, ಹಿಡಿದು ಅಭ್ಯಾಸ ಇದೆ, ತಗೋಬಹುದಾ ಅಂತ ಕೇಳಿದ್ದೀರಿ.

ಬೇಡ. ಅವನಿಗೆ ಇನ್ನೊಂದು ಮೆಸೇಜೂ ಕಳಿಸಬೇಡಿ.

ಆ ಪೆಟ್ಟಿಗೆ ಯಾಕೆ ಅಷ್ಟು ದುಬಾರಿ ಗೊತ್ತಾ? ಖಾಸಗಿ ವ್ಯಕ್ತಿಗಳು ಗನ್ ಮಾರೋದನ್ನು ಫೇಸ್‌ಬುಕ್ 2016ರ ಜನವರಿಯಲ್ಲೇ ನಿಲ್ಲಿಸಿತು, ಇನ್‌ಸ್ಟಾಗ್ರಾಮ್‌ಗೂ ಅದೇ ನಿಯಮ. ಲೈಸೆನ್ಸ್ ಇರುವ ಅಂಗಡಿಗಳಿಗೆ ಮಾತ್ರ ವಿನಾಯಿತಿ ಕೊಟ್ಟರು. ಬೇರೆ ಮಾರಾಟ ಜಾಲತಾಣಗಳಾದ ಇಬೇ 1999ರಲ್ಲಿ, ಕ್ರೇಗ್ಸ್‌ಲಿಸ್ಟ್ 2007ರಲ್ಲಿ ಮೊದಲೇ ಬಾಗಿಲು ಹಾಕಿದ್ದವು. ಮಾರುವವರು ಸುಮ್ನಿರ್ತಾರಾ? ಗನ್ ಅಂತ ಬರೆಯದೆ ಪೆಟ್ಟಿಗೆ, ಸ್ಟಿಕ್ಕರ್ ಅಂತ ಹಾಕಿ, ಬೆಲೆ ಮಾತ್ರ ಗನ್ನಿನದ್ದೇ ಇಡುತ್ತಾರೆ. 10 ಸಲ ಸಿಕ್ಕಿಬಿದ್ದ ಮೇಲಷ್ಟೇ ಫೇಸ್‌ಬುಕ್ ಇಂಥವರನ್ನು ಹೊರಹಾಕುತ್ತೆ ಅಂತ 2022ರಲ್ಲಿ ವಾಷಿಂಗ್ಟನ್ ಪೋಸ್ಟ್ ಬರೆದಿತ್ತು. (ನಾನು ಮಗನ ನೀರು ಪಿಚಕಾರಿ ಮಾರೋಕೆ ಹಾಕಿದ್ದೆ, ಎಲ್ಲಿ ಅಂತ ಹೇಳಲ್ಲ, ಅರ್ಧ ಗಂಟೆಯಲ್ಲಿ ಆಯುಧ ಅಂತ ತೆಗೆದುಬಿಟ್ಟರು.)

ಇಲ್ಲಿ ಹೊಸಬರು ಎಡವೋದು ಒಂದು ಕಡೆ. ಜಾಲತಾಣದ ನಿಯಮ ಬೇರೆ, ಕಾನೂನು ಬೇರೆ. ಟೆಕ್ಸಾಸ್‌ನಲ್ಲಿ ಇಬ್ಬರು ಸ್ಥಳೀಯರು ಪಾರ್ಕಿಂಗ್ ಲಾಟ್‌ನಲ್ಲಿ ನಿಂತು ಗನ್ ಕೊಟ್ಟು ದುಡ್ಡು ತಗೊಂಡರೆ ಹಿನ್ನೆಲೆ ತಪಾಸಣೆ ಮಾಡಲೇಬೇಕು ಅಂತೇನೂ ಇಲ್ಲ, ಕ್ಯಾಲಿಫೋರ್ನಿಯಾದಲ್ಲಾದರೆ ಅದನ್ನೂ ಡೀಲರ್ ಮೂಲಕವೇ ಮಾಡಬೇಕು. ಹಾಗಾಗಿ ನಿಮ್ಮ ಸಹೋದ್ಯೋಗಿ 'ನಾನೂ ಹಾಗೇ ತಗೊಂಡೆ' ಅಂದ್ರೆ ಅದು ಸುಳ್ಳಲ್ಲ. ಆದರೆ ಅವನು ಇಲ್ಲಿನ ಪ್ರಜೆ, ನೀವಲ್ಲ. ಎಚ್‌-1ಬಿ, ಎಚ್‌-4 (ಅವರ ಸಂಗಾತಿ, ಮಕ್ಕಳದ್ದು), ಎಫ್‌-1 (ವಿದ್ಯಾರ್ಥಿಗಳದ್ದು) ಥರದ ವೀಸಾದಲ್ಲಿ ಬಂದವರು ಗನ್ ಆಗಲಿ ಗುಂಡು ಆಗಲಿ ಇಟ್ಟುಕೊಳ್ಳುವುದೇ ಫೆಡರಲ್ (ಕೇಂದ್ರ ಕಾನೂನಿನ) ಅಪರಾಧ, 15 ವರ್ಷದವರೆಗೆ ಜೈಲು, ಆಮೇಲೆ ಗಡಿಪಾರು. ಅಂಗಡಿಯಲ್ಲಾದರೆ 4473 ಅನ್ನೋ ಫಾರಂ ತುಂಬಿಸಿ ವೀಸಾ ಬಗ್ಗೆ ಕೇಳುತ್ತಾರೆ, ಅಲ್ಲೇ ತಡೆ ಬೀಳುತ್ತೆ. ಪಾರ್ಕಿಂಗ್ ಲಾಟ್‌ನವನು ಏನೂ ಕೇಳಲ್ಲ. ಕೇಳಲಿಲ್ಲ ಅಂದ್ರೆ ಸರಿ ಇದೆ ಅಂತ ನೀವು ಅಂದುಕೊಳ್ಳುತ್ತೀರಿ, ಅಲ್ವಾ?

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿ 2029ರವರೆಗೆ ಇದೆ, ನಿಜ. ಅದು ಭಾರತದ ಶಸ್ತ್ರಾಸ್ತ್ರ ಕಾಯ್ದೆ ಕೊಟ್ಟದ್ದು. ಇಲ್ಲಿ ಅದಕ್ಕೆ ಮೂರು ಕಾಸಿನ ಬೆಲೆ ಇಲ್ಲ.

ದಾರಿಯೇ ಇಲ್ಲ ಅಂತಲ್ಲ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಆ ನಿಷೇಧಕ್ಕೆ ವಿನಾಯಿತಿ ಇದೆ. ಇಲ್ಲಿ ರಾಜ್ಯದ ವನ್ಯಜೀವಿ ಇಲಾಖೆಯಾದ ಟೆಕ್ಸಾಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್‌ನವರು ಕೊಡುತ್ತಾರೆ. ಅಷ್ಟು ಆಸೆ ಇದ್ದರೆ ಅದನ್ನು ಮಾಡಿಸಿ, ವಲಸೆ ಕಾನೂನಿನ ವಕೀಲರನ್ನು ಕೇಳಿ, ಲೈಸೆನ್ಸ್ ಇರುವ ಅಂಗಡಿಗೇ ಹೋಗಿ. ಗ್ರೀನ್ ಕಾರ್ಡ್ ಬಂದ ಮೇಲೆ ಈ ತಡೆ ಇರಲ್ಲ. ನಾನು ಅಲ್ಲಿವರೆಗೆ ಕಾದೆ, ಬಂದ ಮೇಲೆ ತಗೊಳ್ಳೋ ಮನಸ್ಸೇ ಬರಲಿಲ್ಲ, ಅದು ಬೇರೆ ಮಾತು.

ಇನ್ನೊಂದು. ಆಫೀಸಿನವರು ಟೀಮ್ ಔಟಿಂಗ್ ಅಂತ ಶೂಟಿಂಗ್ ರೇಂಜ್‌ಗೆ ಕರೆಯುತ್ತಾರೆ, ಟೆಕ್ಸಾಸ್‌ನಲ್ಲಿ ಇದು ಮಾಮೂಲು. ಬೇಟೆ ಲೈಸೆನ್ಸ್ ಇಲ್ಲದೆ ಅಲ್ಲಿ ಬಾಡಿಗೆ ಗನ್ ಹಿಡಿದರೂ ಅದೇ ಕಾನೂನು. ಹೋಗಿ, ಹೊರಗೆ ಕೂತು ಎಲ್ಲರ ಬ್ಯಾಗ್ ನೋಡಿಕೊಳ್ಳಿ. ನಾನು ನಾಲ್ಕು ವರ್ಷ ಅದೇ ಕೆಲಸ ಮಾಡಿದ್ದೇನೆ.