ಗಂಟೆ 212, ಉತ್ತರ ಸೊನ್ನೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಕೈಗೆ ಬಂತು, ಮುಂದೇನು? ನಾನು 31 ವರ್ಷ ವಿಮಾನ ಹಾರಿಸಿದವನು. ಕೊನೆಯ 9 ವರ್ಷ ಹೊಸಬರನ್ನು ಸಿಮ್ಯುಲೇಟರ್‌ನಲ್ಲಿ ಕೂರಿಸಿ ಪರೀಕ್ಷೆ ಮಾಡುವುದೇ ಕೆಲಸವಾಗಿತ್ತು. ಹಾಗಾಗಿ ಮೇಜಿನ ಎರಡೂ ಕಡೆ ಕೂತು ಬೆವರಿದ್ದೇನೆ. ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ. ನಾಲ್ವರೂ ಹೆಸರು ಬೇಡ ಅಂದಿದ್ದಾರೆ, ಹಾಕಿಲ್ಲ.

ಪ್ರಶ್ನೆ: ಲೈಸೆನ್ಸ್ ಬಂದು 11 ತಿಂಗಳಾಯಿತು. ಒಟ್ಟು ಹಾರಾಟ 212 ಗಂಟೆ. 40 ಕಡೆ ಮೇಲ್ ಕಳಿಸಿದೆ, ಒಬ್ಬರೂ ಉತ್ತರಿಸಿಲ್ಲ. ಇನ್ನೊಂದು ಸಾಲ ಮಾಡಿ ಎ320 ಟೈಪ್ ರೇಟಿಂಗ್ (ಆ ಮಾದರಿಯ ಏರ್‌ಬಸ್ ವಿಮಾನ ಹಾರಿಸುವ ಅನುಮತಿ) ಮುಗಿಸಿಬಿಡು ಅಂತಾರೆ ಅಪ್ಪ. ಮಾಡಲಾ?

ಉತ್ತರ: ಬೇಡ. ಕೆಲಸದ ಪತ್ರ ಕೈಯಲ್ಲಿಲ್ಲದೆ ಟೈಪ್ ರೇಟಿಂಗ್ ಮಾಡಿಸುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ನಾಳೆ ನಿಮ್ಮನ್ನು ಕರೆಯುವ ಕಂಪನಿ ಬೋಯಿಂಗ್ 737 ಇಟ್ಟುಕೊಂಡಿದ್ದರೆ ಆ ಎ320 ಕಾಗದದಿಂದ ಏನು ಉಪಯೋಗ? ಮತ್ತೆ, ಅದು ಹಳಸುವ ಸರಕು. ಯೂರೋಪಿನ ನಿಯಮದಲ್ಲಿ ಟೈಪ್ ರೇಟಿಂಗ್‌ನ ಆಯುಸ್ಸು ಒಂದೇ ವರ್ಷ. ಅಷ್ಟರಲ್ಲಿ ಕೆಲಸ ಸಿಗದಿದ್ದರೆ ನವೀಕರಣಕ್ಕೆ ಮತ್ತೆ ದುಡ್ಡು ಸುರಿಯಬೇಕು. 'ಟೈಪ್ ರೇಟಿಂಗ್ ಇದ್ದವರಿಗೆ ಮಾತ್ರ' ಅನ್ನುವ ಜಾಹೀರಾತುಗಳನ್ನು ನಿಮ್ಮ ತಂದೆ ನೋಡಿರಬಹುದು. ಅದರ ಕೆಳಗಿನ ಸಾಲನ್ನೂ ಓದಿಸಿ. ಆ ವಿಮಾನದಲ್ಲೇ ಹಾರಿಸಿದ ಗಂಟೆ ಇಷ್ಟಿರಬೇಕು ಅಂತ ಇದ್ದರೆ, ಬರೀ ಸಿಮ್ಯುಲೇಟರ್‌ನಲ್ಲಿ ಮಾಡಿಕೊಂಡ ರೇಟಿಂಗ್ ಅವರಿಗೆ ಲೆಕ್ಕಕ್ಕಿಲ್ಲ.

ನಿಮ್ಮ 212ರ ಅರ್ಥ ಇಷ್ಟೇ. ಕಮರ್ಷಿಯಲ್ ಲೈಸೆನ್ಸ್‌ಗೆ ಅಂತಾರಾಷ್ಟ್ರೀಯ ನಿಯಮ ಕೇಳುವ ಕನಿಷ್ಠ 200 ಗಂಟೆ. ಮಾನ್ಯತೆ ಪಡೆದ ಕೋರ್ಸ್ ಆದರೆ 150 ಸಾಕು. ಏರ್‌ಲೈನ್ ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಲೈಸೆನ್ಸ್‌ಗೆ 1500. ನೀವೆಲ್ಲ ಒದ್ದಾಡುತ್ತಿರುವುದು ಈ ಎರಡು ಅಂಕಿಗಳ ನಡುವೆ. ಅಮೆರಿಕದಲ್ಲಂತೂ ಕೆಲವು ವಿನಾಯಿತಿ ಬಿಟ್ಟರೆ ಏರ್‌ಲೈನಿನ ಫಸ್ಟ್ ಆಫೀಸರ್‌ಗೂ (ಕ್ಯಾಪ್ಟನ್ ಪಕ್ಕದ ಪೈಲಟ್) 2013ರಿಂದ 1500 ಗಂಟೆ ಬೇಕು. 2009ರ ಫೆಬ್ರವರಿಯಲ್ಲಿ ಬಫೆಲೊ ಹತ್ತಿರ ವಿಮಾನ ಬಿದ್ದು 50 ಜನ ಸತ್ತ ಮೇಲೆ ಬಂದ ನಿಯಮ ಅದು. ತಮಾಷೆ ಏನು ಗೊತ್ತಾ, ಆ ವಿಮಾನದ ಇಬ್ಬರು ಪೈಲಟ್‌ಗಳಿಗೂ 1500ಕ್ಕಿಂತ ಜಾಸ್ತಿ ಗಂಟೆ ಇತ್ತು.

ನನ್ನ ಚಿಂತೆ ನಿಮ್ಮ 212ರ ಬಗ್ಗೆ ಅಲ್ಲ, 11 ತಿಂಗಳ ಬಗ್ಗೆ. ಅದರಲ್ಲಿ ಎಷ್ಟು ದಿನ ಹಾರಿಸಿದ್ದೀರಿ ಅಂತ ನೀವು ಬರೆದೇ ಇಲ್ಲ.

ನನ್ನ ಸಿಮ್ಯುಲೇಟರ್‌ಗೆ ಬಂದ ಒಬ್ಬ ಹುಡುಗ ನೆನಪಾಗುತ್ತಾನೆ. 205 ಗಂಟೆ. ಬಾಯಿ ಪರೀಕ್ಷೆಯಲ್ಲಿ ಅರಳು ಹುರಿದಂತೆ ಮಾತು. ಗ್ರೌಂಡ್ ಸ್ಪೀಡ್ 140 ನಾಟ್, 3 ಡಿಗ್ರಿ ಇಳಿಜಾರು, ನಿಮಿಷಕ್ಕೆ ಎಷ್ಟು ಅಡಿ ಇಳಿಯಬೇಕು ಅಂತ ಕೇಳಿದೆ. ನಾನು ಬಾಯಿ ಮುಚ್ಚುವ ಮುಂಚೆ 'ಐದರಿಂದ ಗುಣಿಸಿ ಸರ್, 700' ಅಂದ. ಆಮೇಲೆ ಎತ್ತ ತಿರುಗಬೇಕು ಅಂತ ತೋರಿಸುವ ಫ್ಲೈಟ್ ಡೈರೆಕ್ಟರ್ ಆಫ್ ಮಾಡಿ, ಬರೀ ಸೂಜಿ ನೋಡಿ ಐಎಲ್‌ಎಸ್ (ರೇಡಿಯೊ ಸಂಕೇತ ಹಿಡಿದು ರನ್‌ವೇ ಕಡೆ ಇಳಿಯುವುದು) ಮಾಡು ಅಂದೆ. ರನ್‌ವೇಯ ನೇರ ತೋರಿಸುವ ಲೋಕಲೈಸರ್ ಸೂಜಿ ಸ್ವಲ್ಪ ಎಡಕ್ಕೆ ಹೋಯಿತು. ಅವನ ಕಣ್ಣು ಅದಕ್ಕೇ ಅಂಟಿಕೊಂಡಿತು. ಎಡಕ್ಕೆ ತಿರುಗಿಸಿದ, ದಾಟಿಹೋಯಿತು. ಬಲಕ್ಕೆ ಎಳೆದ, ಮತ್ತೆ ದಾಟಿತು. ಅಷ್ಟರಲ್ಲಿ ಸ್ಪೀಡ್ 140ರಿಂದ 126ಕ್ಕೆ ಇಳಿದಿತ್ತು. ಅವನು ನೋಡಲೇ ಇಲ್ಲ. ಸ್ಟಿಯರಿಂಗ್ ಹಿಡಿದ ಬೆರಳುಗಳ ಗಿಣ್ಣು ಬೆಳ್ಳಗಾಗಿದ್ದವು. ಹೊರಗೆ ಬಂದ ಮೇಲೆ ಕೇಳಿದೆ, ಕೊನೆಗೆ ಹಾರಿಸಿದ್ದು ಯಾವಾಗ? 14 ತಿಂಗಳ ಹಿಂದೆ.

ದಡ್ಡನಲ್ಲ ಅವನು. ಆದರೆ ಕಣ್ಣು ಒಂದು ಮೀಟರಿನಿಂದ ಇನ್ನೊಂದಕ್ಕೆ ತಾನಾಗಿ ಓಡುವ ಅಭ್ಯಾಸ ಇದೆಯಲ್ಲ, ನಾವು ಸ್ಕ್ಯಾನ್ ಅನ್ನುತ್ತೇವೆ, ಎಲ್ಲಕ್ಕಿಂತ ಮೊದಲು ಸಾಯುವುದು ಅದೇ. ಪುಸ್ತಕದ ವಿದ್ಯೆ ಉಳಿಯುತ್ತದೆ, ಕೈ ತುಕ್ಕು ಹಿಡಿಯುತ್ತದೆ.

ಹಾಗಾಗಿ ಟೈಪ್ ರೇಟಿಂಗ್ ಸಾಲದ ಯೋಚನೆ ಬಿಡಿ. ಅದರ ಒಂದು ಚೂರಿನಷ್ಟು ದುಡ್ಡಲ್ಲಿ ತಿಂಗಳಿಗೆ ಒಂದೆರಡು ಗಂಟೆ ಹಾರಿಸಿ. 90 ದಿನಕ್ಕೆ 3 ಟೇಕಾಫ್, 3 ಲ್ಯಾಂಡಿಂಗ್ ಅನ್ನುವುದು ಕಾನೂನಿನ ಬಾಯಿ ಮುಚ್ಚಿಸೋಕೆ ಮಾತ್ರ. ಮನೆಯ ಕಂಪ್ಯೂಟರಿನಲ್ಲಿ ದಿನಾ ಅರ್ಧ ಗಂಟೆ ಸೂಜಿ ನೋಡಿ ಅಪ್ರೋಚ್ (ರನ್‌ವೇ ಕಡೆ ಇಳಿದು ಬರುವುದು) ಮಾಡಿ. ಲ್ಯಾಂಡಿಂಗ್ ಅಲ್ಲಿ ಬರಲ್ಲ, ಸ್ಕ್ಯಾನ್ ಖಂಡಿತ ಉಳಿಯುತ್ತದೆ. ಕ್ಲಾಸ್ 1 ಮೆಡಿಕಲ್ (ಆರೋಗ್ಯ ಪ್ರಮಾಣಪತ್ರ), ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಿದ್ದರೂ ಮೀಟರ್ ನೋಡಿ ಹಾರಿಸುವ ಅನುಮತಿ), ಇಂಗ್ಲಿಷ್ ಪರೀಕ್ಷೆ, ಮೂರರ ಮುಕ್ತಾಯದ ತಾರೀಖನ್ನೂ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ನಿಮ್ಮ ವಯಸ್ಸಿನಲ್ಲಿ ಮೆಡಿಕಲ್ 12 ತಿಂಗಳು ಇರುತ್ತದೆ. ಇಂಗ್ಲಿಷ್‌ನಲ್ಲಿ ಲೆವೆಲ್ 4 ಬಂದಿದ್ದರೆ 3 ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ ಕೊಡಬೇಕು. ಸೋಮವಾರ ಬಾ ಅಂತ ಗುರುವಾರ ಫೋನ್ ಬರುವ ಕ್ಷೇತ್ರ ಇದು. ಆಗ ಮೆಡಿಕಲ್ ಮುಗಿದುಹೋಗಿದೆ ಅಂದರೆ ಪಟ್ಟಿಯಲ್ಲಿ ಮುಂದಿನ ಹೆಸರಿಗೆ ಹೋಗುತ್ತಾರೆ, ಅಷ್ಟೇ.

ಆ 40 ಮೇಲ್‌ಗಳಲ್ಲೂ ಒಂದೇ ಒಕ್ಕಣೆ ಇತ್ತು, ಅಲ್ವಾ? ಮುಂದಿನದನ್ನು ಸರ್ವೆ ವಿಮಾನ, ಪ್ಯಾರಾಚೂಟ್ ಜಿಗಿತದ ವಿಮಾನ, ಬ್ಯಾನರ್ ಎಳೆಯುವ ವಿಮಾನ ಇಟ್ಟುಕೊಂಡ ಸಣ್ಣ ಕಂಪನಿಗಳಿಗೆ ಬರೆಯಿರಿ. ಅವರ ಬಳಿ ಯಾವ ವಿಮಾನ ಇದೆ ಅಂತ ತಿಳಿದುಕೊಂಡು ಬರೆಯಿರಿ. ಬರೆದು ಸುಮ್ನೆ ಕೂರಬೇಡಿ, ಹ್ಯಾಂಗರ್‌ಗೆ ಹೋಗಿ. ನನ್ನ ಮೊದಲ ಕೆಲಸ ಸಿಕ್ಕಿದ್ದು ವಿಮಾನ ತೊಳೆಯುವವನ ಜೊತೆ ಬಕೆಟ್ ಹಿಡಿದು ನಿಂತಿದ್ದಾಗ.

ಪ್ರಶ್ನೆ: ಫ್ಲೈಯಿಂಗ್ ಸ್ಕೂಲಿನಲ್ಲಿ ಇನ್‌ಸ್ಟ್ರಕ್ಟರ್ ಆಗು ಅಂತ ಸೀನಿಯರ್‌ಗಳು ಹೇಳುತ್ತಾರೆ. ಒಮ್ಮೆ ಹೋದರೆ ಸಣ್ಣ ವಿಮಾನದಲ್ಲೇ ಉಳಿದುಬಿಡ್ತೀನಾ ಅಂತ ಭಯ.

ಉತ್ತರ: ನನಗೂ ಇದೇ ಭಯ ಇತ್ತು. 14 ತಿಂಗಳು ಸೆಸ್ನಾ 152ರಲ್ಲಿ ಕಲಿಸಿದೆ. ಎರಡು ಸೀಟು, 110 ಕುದುರೆ ಶಕ್ತಿ, ಬೇಸಿಗೆಯಲ್ಲಿ ಮೇಲೇರಲು ಮನಸ್ಸೇ ಇಲ್ಲದ ವಿಮಾನ. ಶಿಷ್ಯ ನೆಲದಿಂದ ಹತ್ತಡಿ ಮೇಲೆ ಇರುವಾಗ ಮೂಗು ಎತ್ತಿಬಿಡುತ್ತಾನೆ. ಕೈ ಹಾಕಬೇಕಾ, ಅವನೇ ಸರಿಮಾಡಲಿ ಅಂತ ಇನ್ನೊಂದು ಕ್ಷಣ ಬಿಡಬೇಕಾ? ದಿನಕ್ಕೆ ಇಪ್ಪತ್ತು ಸಲ ಈ ತೀರ್ಮಾನ ಮಾಡಿದೆ. ಮುಂದೆ ದೊಡ್ಡ ವಿಮಾನದಲ್ಲಿ ಪಕ್ಕದವನನ್ನು ಗಮನಿಸುವ ಕೆಲಸ ನನಗೆ ಹೊಸದು ಅನ್ನಿಸಲೇ ಇಲ್ಲ. ಲೈಸೆನ್ಸ್ ಇಟ್ಟುಕೊಂಡು ಮನೆಯಲ್ಲಿ ಕೂತವನು, ಇನ್‌ಸ್ಟ್ರಕ್ಟರ್ ಆದವನು ಇಬ್ಬರೂ ಎದುರಿಗೆ ಬಂದರೆ ನಾನು ಎರಡನೆಯವನನ್ನೇ ಆರಿಸುತ್ತಿದ್ದೆ. ಒಂದೇ ಎಚ್ಚರಿಕೆ: ಕಲಿಸುವಾಗ ನಿಮ್ಮ ಕೈಗೆ ಹಾರಾಟ ಕಮ್ಮಿ. ಶಿಷ್ಯರು ಬರದ ದಿನ ಇನ್‌ಸ್ಟ್ರುಮೆಂಟ್ ಅಭ್ಯಾಸಕ್ಕೆ ಸ್ಕೂಲಿನ ವಿಮಾನ ಕೇಳಿ ಪಡೆಯಿರಿ.

ಪ್ರಶ್ನೆ: ಇನ್‌ಸ್ಟ್ರುಮೆಂಟ್ ಟೆಸ್ಟಿನಲ್ಲಿ ಒಮ್ಮೆ ಫೇಲ್ ಆಗಿದ್ದೆ. ಸಂದರ್ಶನದಲ್ಲಿ ಹೇಳಬೇಕಾ?

ಉತ್ತರ: ಕೇಳಿದರೆ ಹೇಳಿ. ಒಂದೇ ಉಸಿರಲ್ಲಿ ಹೇಳಿ ಮುಗಿಸಿ: ಏನು ತಪ್ಪಾಯಿತು, ಏನು ಬದಲಾಯಿಸಿಕೊಂಡೆ. ಅವತ್ತು ಗಾಳಿ ಜಾಸ್ತಿ ಇತ್ತು, ಪರೀಕ್ಷಕರು ಸರಿಯಿರಲಿಲ್ಲ ಅನ್ನುವ ಕಥೆ ಬೇಡ. ನಾನೇ ನನ್ನ ಮೊದಲ ಸಂದರ್ಶನದಲ್ಲಿ ಹೇಳಿದ್ದು ತಪ್ಪು ಟ್ಯಾಕ್ಸಿವೇಗೆ ತಿರುಗಿದ ಕಥೆ. ಕಂಟ್ರೋಲರ್ ಹೇಳಿದ್ದು ಸರಿಯಾಗಿ ಕೇಳಿಸಿರಲಿಲ್ಲ, ಮತ್ತೆ ಕೇಳಲು ನಾಚಿಕೆ. ಎದುರು ಕೂತಿದ್ದ ಹಿರಿಯರು ಪೆನ್ ಕೆಳಗಿಟ್ಟು ಕೇಳಿದರು, 'ಈಗ ನಾಚಿಕೆ ಆಗುತ್ತಾ?' ಇಲ್ಲ ಸರ್, ಈಗ ಎರಡು ಸಲ ಬೇಕಾದರೂ ಕೇಳ್ತೀನಿ ಅಂದೆ. ಆಮೇಲೆ ಅವರು ಆ ಬಗ್ಗೆ ಕೆದಕಲಿಲ್ಲ.

ಪ್ರಶ್ನೆ: ಲಾಗ್‌ಬುಕ್‌ನಲ್ಲಿ (ನನ್ನ ಹಾರಾಟದ ದಾಖಲೆ ಪುಸ್ತಕ) ಹಾರಿಸದ 30 ಗಂಟೆ ಸೇರಿಸಿದರೆ ಒಂದು ಕೆಲಸಕ್ಕೆ ಅರ್ಹತೆ ಬರುತ್ತದೆ. ಯಾರು ನೋಡ್ತಾರೆ?

ಉತ್ತರ: ನಾನೇ ನೋಡುತ್ತಿದ್ದೆ. ಈ ಗಂಟೆಗಳಿಗೆ ಪೈಲಟ್‌ಗಳ ಮಧ್ಯೆ ಒಂದು ಹೆಸರೇ ಇದೆ, ಪಾರ್ಕರ್ ಪೆನ್ ಟೈಮ್. ನೀವು ಹಾರಿಸಿದ್ದೇನೆ ಅಂತ ಬರೆದ ದಿನ ಆ ವಿಮಾನ ಚಕ್ರ ಬಿಚ್ಚಿಸಿಕೊಂಡು ವರ್ಕ್‌ಶಾಪಿನಲ್ಲಿ ನಿಂತಿರುತ್ತದೆ. ವಿಮಾನದ ದಾಖಲೆ ಪುಸ್ತಕದಲ್ಲಿ ಅದು ಇರುತ್ತದೆ, ಟವರಿನ ದಾಖಲೆಯಲ್ಲೂ ನಿಮ್ಮ ಹಾರಾಟ ಇರುವುದಿಲ್ಲ. ಸಿಕ್ಕಿಬಿದ್ದರೆ ಹೋಗುವುದು ಕೆಲಸ ಅಲ್ಲ, ಲೈಸೆನ್ಸ್. ಆ 30 ಗಂಟೆ ನಿಜವಾಗಿ ಹಾರಿಸಲು ಗ್ಲೈಡರ್ ಕ್ಲಬ್ಬಿನಲ್ಲಿ ಎಳೆಯುವ ವಿಮಾನಕ್ಕೆ ಪೈಲಟ್ ಬೇಕಾ ಅಂತ ಈ ವಾರವೇ ವಿಚಾರಿಸಿ.