ಕ್ರಿಸ್‌ಮಸ್ ರಜೆಗೆ ಮನೆಯಲ್ಲೇ ಯಾವ ಕುಕ್ಕಿ, ಬ್ರೌನಿ ಮಾಡಬಹುದು?

ಮಕ್ಕಳಿಗೆ ರಜೆ ಶುರುವಾಗುತ್ತದೆ, ಅಕ್ಕಪಕ್ಕದ ಮನೆಗಳಿಗೂ ಡಬ್ಬಿ ತುಂಬಿ ಕೊಡಬೇಕು, ಇರುವುದು ಚಿಕ್ಕ ಓಟಿಜಿ ಓವನ್, ಕೆಲವರು ಮೊಟ್ಟೆ ತಿನ್ನುವುದಿಲ್ಲ ಅಂತ ಕೇಳಿದ್ದೀರಿ. ಪ್ರತಿ ಡಿಸೆಂಬರ್‌ನಲ್ಲೂ ನಾನು ತುಂಬಾ ಇಷ್ಟಪಟ್ಟು ಮಾಡುವ ಕೆಲಸ ಇದು. ಹತ್ತು ಬಗೆ ಮಾಡಲು ಹೋಗಬೇಡಿ, ನಾಲ್ಕು ಸಾಕು. ಬ್ರೌನಿ, ಚಾಕೊಲೇಟ್ ಚಿಪ್ ಕುಕ್ಕಿ, ನಾನ್‌ಖಟಾಯಿ, ಖಾರ ಬಿಸ್ಕತ್ತು. ಮೊದಲ ಎರಡಕ್ಕೆ ಮೊಟ್ಟೆ ಬೇಕು, ಕೊನೆಯ ಎರಡಕ್ಕೆ ಬೇಡ.

ಅಳತೆಗಿಂತ ಮೊದಲು ಒಂದು ಮಾತು. ಸಿಹಿ ಕುಕ್ಕಿ ಇರಲಿ, ಬ್ರೌನಿ ಇರಲಿ, ‘ಇನ್ನೂ ಸ್ವಲ್ಪ ಬೇಯಬೇಕೇನೋ’ ಅನ್ನಿಸುವಾಗಲೇ ಓವನ್‌ನಿಂದ ಹೊರಗೆ ತೆಗೆಯಿರಿ. ಬಿಸಿಯಿದ್ದಾಗ ಬೆಣ್ಣೆ, ಸಕ್ಕರೆ ಎರಡೂ ಕರಗಿರುತ್ತವೆ, ಹಾಗಾಗಿ ಕುಕ್ಕಿ ಮುಟ್ಟಿದರೆ ಮೆತ್ತಗೇ ಇರುತ್ತದೆ. ತಟ್ಟೆಯ ಬಿಸಿಗೆ ಅದು ಹೊರಗೂ ಸ್ವಲ್ಪ ಹೊತ್ತು ಬೇಯುತ್ತದೆ, ಆರುತ್ತಾ ಆರುತ್ತಾ ಗಟ್ಟಿಯಾಗುತ್ತದೆ. ಓವನ್ ಒಳಗೇ ಗಟ್ಟಿಯಾಗಲಿ ಅಂತ ಕಾದರೆ ಮಾರನೇ ದಿನ ಹಲ್ಲಿಗೆ ಕೆಲಸ. ಮನೆಯ ಕುಕ್ಕಿ ಕೆಡುವುದು ಹೆಚ್ಚಾಗಿ ಹೀಗೆಯೇ, ರೆಸಿಪಿ ಸರಿಯಿಲ್ಲದೆ ಅಲ್ಲ.

ಇನ್ನೊಂದು, ತೂಕದ ಯಂತ್ರ ಇಟ್ಟುಕೊಳ್ಳಿ. ಅದೇ ಒಂದು ಕಪ್‌ನಲ್ಲಿ ಮೈದಾವನ್ನು ಸಡಿಲವಾಗಿ ತುಂಬಿದರೆ 120 ಗ್ರಾಂ, ಒತ್ತಿ ತುಂಬಿದರೆ 150 ಗ್ರಾಂ ಆಗಿಬಿಡಬಹುದು. ಆ 30 ಗ್ರಾಂ ಸಾಕು ಬ್ರೌನಿ ಒಣಗಲು.

ಈಗ ಬ್ರೌನಿ. 8 ಇಂಚಿನ ಚೌಕ ಟಿನ್ನಿಗೆ ಬೆಣ್ಣೆ 115 ಗ್ರಾಂ, ಡಾರ್ಕ್ ಚಾಕೊಲೇಟ್ 150 ಗ್ರಾಂ, ಸಕ್ಕರೆ 200 ಗ್ರಾಂ, ಮೊಟ್ಟೆ 2 (ಚಿಕ್ಕವಾದರೆ 3), ಮೈದಾ 65 ಗ್ರಾಂ, ಕೋಕೋ ಪುಡಿ 25 ಗ್ರಾಂ, ವೆನಿಲ್ಲಾ ಒಂದು ಟೀ ಚಮಚ, ಒಂದು ಹಿಡಿ ಅಕ್ರೋಟು. ಉಪ್ಪು ಹಾಕಿದ ಬೆಣ್ಣೆಯಾದರೆ ಬೇರೆ ಉಪ್ಪು ಬೇಡ, ಇಲ್ಲದಿದ್ದರೆ ಒಂದು ಚಿಟಿಕೆ. ಬೇಕಿಂಗ್ ಪೌಡರ್ ಬೇಡವೇ ಬೇಡ. ಅದು ಹಾಕಿದರೆ ಉಬ್ಬಿ ಕೇಕ್ ಆಗುತ್ತದೆ. ನಮಗೆ ಬೇಕಿರುವುದು ಒತ್ತಾದ, ಅಂಟಂಟಾದ ಬ್ರೌನಿ.

ಚಾಕೊಲೇಟ್ ಕೊಳ್ಳುವಾಗ ಪ್ಯಾಕೆಟ್‌ನ ಹಿಂದೆ ಓದಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ದಪ್ಪ ಇಟ್ಟಿಗೆ ಸಾಮಾನ್ಯವಾಗಿ ಡಾರ್ಕ್ ಕಾಂಪೌಂಡ್. ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ, ತಿಂದ ಮೇಲೆ ಬಾಯಲ್ಲಿ ಮೇಣದಂತೆ ಉಳಿಯುತ್ತದೆ. ಬೇರೆ ಯಾವುದರಲ್ಲಿ ಉಳಿಸಿದರೂ ಇದರಲ್ಲಿ ಉಳಿಸಬೇಡಿ. ಕೋಕೋ 50 ರಿಂದ 60 ಶೇಕಡಾ ಇರುವ ಚಾಕೊಲೇಟ್ ಸರಿಯಾಗುತ್ತದೆ.

ಬೆಣ್ಣೆ, ಚಾಕೊಲೇಟ್ ಎರಡನ್ನೂ ಒಂದು ಬೋಗುಣಿಗೆ ಹಾಕಿ, ಕುದಿಯುವ ನೀರಿನ ಪಾತ್ರೆಯ ಮೇಲಿಟ್ಟು ಕರಗಿಸಿ. ಬೋಗುಣಿಯ ತಳ ನೀರಿಗೆ ತಾಗಬಾರದು. ಇನ್ನೊಂದು ಪಾತ್ರೆಯಲ್ಲಿ ಮೊಟ್ಟೆ, ಸಕ್ಕರೆ ಸೇರಿಸಿ ನಾಲ್ಕೈದು ನಿಮಿಷ ಚೆನ್ನಾಗಿ ಬೀಟ್ ಮಾಡಿ. ಬಣ್ಣ ತಿಳಿಯಾಗಬೇಕು, ಗಟ್ಟಿಯಾಗಬೇಕು. ಬ್ರೌನಿಯ ಮೇಲೆ ಹೊಳೆಯುವ, ಬಿರುಕುಬಿಟ್ಟ ತೆಳು ಪದರ ಬರುತ್ತದಲ್ವಾ, ಅದು ಚೆನ್ನಾಗಿ ಬರುವುದು ಸಕ್ಕರೆ ಹೀಗೆ ಮೊಟ್ಟೆಯಲ್ಲಿ ಕರಗಿದಾಗ. ಈ ಹಂತದಲ್ಲಿ ವೆನಿಲ್ಲಾ ಹಾಕಿ, ಜೊತೆಗೆ ಗಟ್ಟಿ ಫಿಲ್ಟರ್ ಕಾಫಿ ಡಿಕಾಕ್ಷನ್ ಒಂದು ದೊಡ್ಡ ಚಮಚ. ಕಾಫಿ ರುಚಿ ಎದ್ದು ಕಾಣುವುದಿಲ್ಲ, ಚಾಕೊಲೇಟ್ ರುಚಿ ಮಾತ್ರ ಗಾಢವಾಗುತ್ತದೆ. ಚಾಕೊಲೇಟ್ ಉಗುರುಬೆಚ್ಚಗಾದ ಮೇಲೆ ಇದಕ್ಕೆ ಸೇರಿಸಿ. ಮೈದಾ, ಕೋಕೋ ಜರಡಿ ಹಿಡಿದು ಹಾಕಿ, ಹಗುರವಾಗಿ ಕಲಸಿ, ಒಣ ಹಿಟ್ಟು ಕಾಣದಾದ ತಕ್ಷಣ ನಿಲ್ಲಿಸಿ. ಕೊನೆಗೆ ಅಕ್ರೋಟು ಸೇರಿಸಿ, ಬೇಕಿಂಗ್ ಪೇಪರ್ ಹಾಸಿದ ಟಿನ್ನಿಗೆ ಸುರಿಯಿರಿ. ಮೊದಲೇ ಕಾಯಿಸಿದ ಓವನ್‌ನಲ್ಲಿ 175 ಡಿಗ್ರಿಗೆ 22 ರಿಂದ 25 ನಿಮಿಷ.

ಕೇಕ್‌ಗೆ ಚುಚ್ಚಿದ ಕಡ್ಡಿ ಶುಭ್ರವಾಗಿ ಬರಬೇಕು. ಬ್ರೌನಿಗೆ ಹಾಗಲ್ಲ, ಕಡ್ಡಿಗೆ ಒದ್ದೆ ಪುಡಿ ಅಂಟಿರಬೇಕು. ಹಸಿ ಹಿಟ್ಟು ಹರಿಯುತ್ತಿದ್ದರೆ ಇನ್ನು ಮೂರು ನಿಮಿಷ ಬಿಡಿ, ಅಷ್ಟೇ. ಪೂರ್ತಿ ಆರಿದ ಮೇಲೆ ಒಂದು ಗಂಟೆ ಫ್ರಿಜ್‌ನಲ್ಲಿಡಿ. ಚಾಕುವನ್ನು ಬಿಸಿನೀರಲ್ಲಿ ಅದ್ದಿ ಒರೆಸಿ ಕತ್ತರಿಸಿದರೆ ಅಂಚು ನೀಟಾಗಿ ಬರುತ್ತದೆ.

ಮೊಟ್ಟೆಯಿಲ್ಲದ ಬ್ರೌನಿಯೂ ಮಾಡಬಹುದು, ಆದರೆ ಮೇಲಿನ ಆ ಪದರ ಅಷ್ಟು ಸುಲಭವಾಗಿ ಬರುವುದಿಲ್ಲ. ಮೊಟ್ಟೆ ತಿನ್ನದವರಿಗೆ ಅದರ ಬದಲು ನಾನ್‌ಖಟಾಯಿ ಕೊಡಿ. ಅದು ಸಾಮಾನ್ಯವಾಗಿ ಮೊಟ್ಟೆ ಇಲ್ಲದೆಯೇ ಮಾಡುವ ತಿಂಡಿ, ಯಾವ ಕೊರತೆಯೂ ಕಾಣುವುದಿಲ್ಲ. ಕ್ರಿಸ್‌ಮಸ್‌ಗೆ ಒಗ್ಗುವ ತಿಂಡಿಯೂ ಹೌದು. ಮಂಗಳೂರಿನ ಕ್ಯಾಥೊಲಿಕ್ ಮನೆಗಳ ಕುಸ್ವಾರ್ ತಟ್ಟೆಯಲ್ಲಿ, ಅಂದರೆ ಕ್ರಿಸ್‌ಮಸ್ ತಿಂಡಿಗಳ ತಟ್ಟೆಯಲ್ಲಿ, ಕಿಡಿಯೊ, ನೆವ್ರಿ, ಗುಳಿಯೊ ಜೊತೆಗೆ ಕೆಲವೊಮ್ಮೆ ಇದೂ ಇರುತ್ತದೆ.

ಇದಕ್ಕೆ ಮೈದಾ 120 ಗ್ರಾಂ, ಕಡಲೆಹಿಟ್ಟು 30 ಗ್ರಾಂ, ಚಿರೋಟಿ ರವೆ 2 ದೊಡ್ಡ ಚಮಚ, ಸಕ್ಕರೆ ಪುಡಿ 80 ಗ್ರಾಂ, ತುಪ್ಪ 100 ಗ್ರಾಂ, ಬೇಕಿಂಗ್ ಪೌಡರ್ ಕಾಲು ಟೀ ಚಮಚ, ಏಲಕ್ಕಿ ಪುಡಿ, ಚಿಟಿಕೆ ಉಪ್ಪು. ತುಪ್ಪ ಹೆಪ್ಪುಗಟ್ಟಿರಬೇಕು. ಬೆಂಗಳೂರಿನ ಡಿಸೆಂಬರ್ ಚಳಿಗೆ ಅದು ತಾನಾಗಿಯೇ ಗಟ್ಟಿಯಾಗುತ್ತದೆ, ಕರಾವಳಿಯವರು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಡಿ. ತುಪ್ಪ, ಸಕ್ಕರೆ ಪುಡಿ ಸೇರಿಸಿ ಬೆಳ್ಳಗೆ ನೊರೆಯಾಗುವವರೆಗೆ ಉಜ್ಜಿ, ಆಮೇಲೆ ಹಿಟ್ಟುಗಳನ್ನು ಸೇರಿಸಿ. ಉಂಡೆ ಕಟ್ಟಲು ಬರದಿದ್ದರೆ ಇನ್ನೊಂದು ಚಮಚ ತುಪ್ಪ ಹಾಕಿ. ಹಾಲು ಹಾಕಬೇಡಿ, ಹಾಲಿನ ನೀರಿಗೆ ಮೈದಾದಲ್ಲಿ ಅಂಟು ಬೆಳೆದು ಬಿಸ್ಕತ್ತು ಗಟ್ಟಿಯಾಗುತ್ತದೆ. ಉಂಡೆಯನ್ನು ಸ್ವಲ್ಪ ಒತ್ತಿ, ಮೇಲೊಂದು ಪಿಸ್ತಾ ಇಟ್ಟು, 165 ಡಿಗ್ರಿಗೆ 15 ರಿಂದ 18 ನಿಮಿಷ ಬೇಯಿಸಿ. ಮೇಲ್ಭಾಗ ಬಿಳುಪಾಗಿಯೇ ಇರಲಿ. ತಳ ಮಾತ್ರ ತಿಳಿ ಕಂದು ಬಂದರೆ ಸಾಕು. ಆರುವವರೆಗೆ ಎತ್ತಬೇಡಿ, ಪುಡಿಯಾಗುತ್ತದೆ.

ಚಾಕೊಲೇಟ್ ಚಿಪ್ ಕುಕ್ಕಿಗೆ ನಾನು ಬ್ರೌನ್ ಶುಗರ್ ಬದಲು ಬೆಲ್ಲದ ಪುಡಿ ಹಾಕುತ್ತೇನೆ. ರುಚಿ ಬೇರೆಯೇ, ನನಗೆ ಇದೇ ಜಾಸ್ತಿ ಇಷ್ಟ. ಜೋನಿ ಬೆಲ್ಲ ಬೇಡ, ನೀರಿನಂಶ ಜಾಸ್ತಿ. ಮೆತ್ತಗಿನ ಬೆಣ್ಣೆ 115 ಗ್ರಾಂ, ಬೆಲ್ಲದ ಪುಡಿ 100 ಗ್ರಾಂ, ಸಕ್ಕರೆ 50 ಗ್ರಾಂ ಸೇರಿಸಿ ಬೀಟ್ ಮಾಡಿ. ಒಂದು ಮೊಟ್ಟೆ, ವೆನಿಲ್ಲಾ ಹಾಕಿ. ಮೈದಾ 160 ಗ್ರಾಂ, ಅಡುಗೆ ಸೋಡಾ ಅರ್ಧ ಟೀ ಚಮಚ, ಚೂರು ಮಾಡಿದ ಚಾಕೊಲೇಟ್ 150 ಗ್ರಾಂ ಸೇರಿಸಿ ಕಲಸಿ. ಈ ಹಿಟ್ಟು ಒಂದು ರಾತ್ರಿ ಫ್ರಿಜ್‌ನಲ್ಲಿರಬೇಕು. ಬೆಣ್ಣೆ ಗಟ್ಟಿಯಾಗಿದ್ದರೆ ಕುಕ್ಕಿ ಹರಡಿ ಹಪ್ಪಳವಾಗುವುದಿಲ್ಲ, ಹಿಟ್ಟು ನೆನೆದು ರುಚಿಯೂ ಏರುತ್ತದೆ. ಉಂಡೆಗಳನ್ನು ದೂರದೂರ ಇಟ್ಟು 180 ಡಿಗ್ರಿಗೆ 10 ರಿಂದ 12 ನಿಮಿಷ. ಅಂಚು ಕಂದಾಗಿ, ನಡುವೆ ಇನ್ನೂ ಹಸಿ ಅನ್ನಿಸುವಾಗ ತೆಗೆಯಿರಿ. ಚಿಕ್ಕ ಓಟಿಜಿಯಲ್ಲಿ ಒಂದು ಕಡೆ ಬೇಗ ಕಂದಾಗಬಹುದು, ಅರ್ಧದಲ್ಲಿ ತಟ್ಟೆ ತಿರುಗಿಸಿ.

ಖಾರ ಬಿಸ್ಕತ್ತು ಬೇಡ ಅನ್ನಬೇಡಿ. ಇಷ್ಟು ಸಿಹಿ ತಿಂದ ಮೇಲೆ ಎಲ್ಲರ ಕೈ ಹೋಗುವುದು ಅದಕ್ಕೇ. ಅಯ್ಯಂಗಾರ್ ಬೇಕರಿಯ ರುಚಿ ಮನೆಯಲ್ಲೂ ಬರುತ್ತದೆ. ಮೈದಾ 150 ಗ್ರಾಂ, ಬೆಣ್ಣೆ 75 ಗ್ರಾಂ, ಸಕ್ಕರೆ ಪುಡಿ ಒಂದೂವರೆ ದೊಡ್ಡ ಚಮಚ, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ, ಉಪ್ಪು, ಮೂರು ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಸೊಪ್ಪು. ಸೊಪ್ಪನ್ನು ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಸಣ್ಣಗೆ ಹೆಚ್ಚಿ. ಎಲ್ಲವನ್ನೂ ಎರಡು ದೊಡ್ಡ ಚಮಚ ಗಟ್ಟಿ ಮೊಸರಿನಲ್ಲಿ ಕಲಸಿ, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಕತ್ತರಿಸಿ, ಫೋರ್ಕ್‌ನಿಂದ ಚುಚ್ಚಿ, 180 ಡಿಗ್ರಿಗೆ 18 ರಿಂದ 20 ನಿಮಿಷ ಬೇಯಿಸಿ. ಬೇಗ ತೆಗೆಯಿರಿ ಅಂದೆನಲ್ಲ, ಇದಕ್ಕೆ ಮಾತ್ರ ಆ ಮಾತು ಬೇಡ. ಚೆನ್ನಾಗಿ ಕೆಂಪಗಾಗಲಿ, ಇಲ್ಲದಿದ್ದರೆ ಮಾರನೇ ದಿನ ಮೆತ್ತಗಾಗುತ್ತದೆ.

ಡಬ್ಬಿ ತುಂಬುವಾಗ ಬ್ರೌನಿಯನ್ನು ಬೇರೆಯಾಗಿಯೇ ಇಡಿ. ಅದರ ತೇವಕ್ಕೆ ಪಕ್ಕದ ಬಿಸ್ಕತ್ತು ಗರಿ ಕಳೆದುಕೊಳ್ಳುತ್ತದೆ. ಖಾರ ಬಿಸ್ಕತ್ತೂ ಬೇರೆ ಡಬ್ಬಿಗೆ, ಕರಿಬೇವಿನ ವಾಸನೆ ಎಲ್ಲಕ್ಕೂ ಹತ್ತುತ್ತದೆ. ಒಂದೇ ದಿನ ಎಲ್ಲ ಮಾಡುವುದೂ ಬೇಡ. ಮೊದಲು ನಾನ್‌ಖಟಾಯಿ, ಖಾರ ಬಿಸ್ಕತ್ತು ಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ಒಂದೆರಡು ವಾರ ಇರುತ್ತವೆ. ಚಿಪ್ ಕುಕ್ಕಿಯ ಉಂಡೆಗಳನ್ನು ಫ್ರೀಜರ್‌ನಲ್ಲಿಟ್ಟು, ಬೇಕಾದಾಗ ಎರಡು ನಿಮಿಷ ಹೆಚ್ಚು ಬೇಯಿಸಿದರಾಯಿತು. ಬ್ರೌನಿ ಮಾತ್ರ ಕೊಡುವ ಹಿಂದಿನ ದಿನ ಮಾಡಿ.